ಫೋಟೊದಲ್ಲಿರುವ ಕೈ

ಡೈವಿಂಗ್ ಶಾಲೆಯ ಮುಖ್ಯಸ್ಥರಿಗೆ ನಮಸ್ಕಾರ.

‘ಮುಟ್ಟದೆ ನೋಡಿದ್ದು ಕೊನೆತನಕ ಉಳಿಯುತ್ತದೆ’ ಎಂದೋ ಏನೋ, ಒಂದು ಸಾಲು ಓದಿದ ನೆನಪು. ಬರೆದವರು ಕಡಲಾಮೆಯನ್ನು ಒಂದು ಮೊಳ ದೂರದಲ್ಲಿ ಕಂಡಿದ್ದರೇ?

ನಿಮಗೆ ತಲುಪಿದ ಫೋಟೊದಲ್ಲಿ ಆಮೆಯ ಚಿಪ್ಪಿನ ಮೇಲಿರುವ ಕೈ ನನ್ನದು. ನಿಮ್ಮ ತರಬೇತುದಾರ, ನಮ್ಮ ಪಕ್ಕದ ಮನೆಯ ಹುಡುಗ, ನೀರೊಳಗೆ ಎರಡು ಸಲ ಮುಟ್ಟಬೇಡವೆಂದು ಕೈಯಲ್ಲಾಡಿಸಿದ್ದ. ನಾನು ಕಂಡೂ ಕಾಣದವಳಂತಿದ್ದೆ. ಉಸಿರಿಗಾಗಿ ಮೇಲೇರುತ್ತಿದ್ದ ಆಮೆ ಬೆದರಿ ಮತ್ತೆ ಆಳಕ್ಕಿಳಿಯಿತು. ಕೈ ತನ್ನದೆಂದು ಬರೆದುಕೊಟ್ಟು ಅವನು ಕೆಲಸ ಕಳೆದುಕೊಂಡಿದ್ದಾನೆ. ದಯವಿಟ್ಟು ಅವನನ್ನು ಮರಳಿ ಕರೆಯಿರಿ. ನನ್ನನ್ನು ಇನ್ನು ನೀರಿಗಿಳಿಸಬೇಡಿ.

ಇಂತಿ,
ನಿಮ್ಮಲ್ಲಿ ಕಲಿಯುತ್ತಿದ್ದವಳು

ಲಕೋಟೆ ಅಂಟಿಸುವ ಮುನ್ನ ಇದೊಂದು ಮಾತು. ನಿಮಗೆ ಬರೆಯುತ್ತೇನೆಂದು ಅವನಿಗೆ ಹೇಳಿದ್ದೆ. ಅವನ ತಾಯಿ ಈಗಷ್ಟೇ ಬಾಗಿಲಲ್ಲಿ ನಿಂತು ಹೇಳಿದರು: “ಅಕ್ಕ, ಕಾಗದ ಹಾಕ್ಬೇಡಿ ಅಂತ ಹೇಳೋಕೆ ಮಗ ಕಳಿಸಿದ. ಹೇಳಿದ್ದಾಯ್ತು. ಈಗ ಕೊಡಿ ಇಲ್ಲಿ, ನಾನೇ ಹಾಕಿ ಬರ್ತೀನಿ.”