ಎಡಗಡೆಯ ಬ್ರೇಕ್

ನವೆಂಬರ್ 4, ಬೆಳಿಗ್ಗೆ

ಸಸಿಗಳಿಗೆ ನೀರು ಬಿಟ್ಟಾಯಿತು. ಟ್ರ್ಯಾಕ್ಟರ್ ಹೊರತೆಗೆದೆ. ಶೆಡ್ಡಿನ ನೆಲದಲ್ಲಿ ಮತ್ತೆ ಗೇರ್ ಆಯಿಲ್. ಹಿಂದಿನ ಎಡಚಕ್ರದಿಂದಲೇ. ಹೋದ ತಿಂಗಳಷ್ಟೇ ಗುರುವಾಯನಕೆರೆಯ ಮೆಕ್ಯಾನಿಕ್ ನಿಝಾಮ್ ಎಣ್ಣೆ ತಡೆಯುವ ಹೊಸ ಆಯಿಲ್ ಸೀಲ್ ಹಾಕಿದ್ದ. ಏನು ಹಾಕಿದನೋ... ಫೋನ್ ಎತ್ತುವುದಿಲ್ಲ. ನರ್ಸರಿಗೆ ಇರುವುದು ಇದೊಂದೇ ಗಾಡಿ, ಪುಟ್ಟದು, ಹಳೆಯದು. ಮಣ್ಣು, ಗೊಬ್ಬರ, ಎಲ್ಲ ಇದರ ಟ್ರೈಲರಿನಲ್ಲೇ ಹೋಗಬೇಕು. ತಮ್ಮ ಶೋಧನ್‌ಗೆ ಹೇಳಿದರೆ, ಹಳೇ ಗಾಡಿ ಅಲ್ವಾ, ಸ್ವಲ್ಪ ಬೆವರ್ತದೆ ಎಂದ. ಬೆವರುವುದಂತೆ!

ನವೆಂಬರ್ 7

ಮಣ್ಣು ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಬ್ರೇಕ್ ತುಳಿದೆ. ಎಡಗಡೆ ಹಿಡಿಯಲೇ ಇಲ್ಲ. ಗಾಡಿ ಬಲಕ್ಕೆ ಎಳೆದುಕೊಂಡು ಹೋಯಿತು — ನಮ್ಮ ಕೆಲಸದ ವಸಂತಿ ಕೂತು ಸಸಿಯ ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಿಸುತ್ತಿದ್ದ ಕಡೆಗೇ. ಕಿರುಚಿದೆ. ಅವಳು ಪಕ್ಕಕ್ಕೆ ಉರುಳಿದಳು. ಗಾಡಿ ಕೆಂಪುಕಲ್ಲಿನ ರಾಶಿಗೆ ಹೊಡೆದು ನಿಂತಿತು.

ವಸಂತಿಯ ಮೊಣಕೈ ತರಚಿದೆ, ಅಷ್ಟೇ. "ಸ್ವರ್ಣಕ್ಕ, ಇನ್ನು ನಾನು ಇಳಿಜಾರಿನ ಮೇಲೆಯೇ ಕೂತ್ಕೊಳ್ತೇನೆ" ಎಂದಳು. ಬೈದಿದ್ದರೆ ವಾಸಿಯಿತ್ತು.

ನವೆಂಬರ್ 8

ನಿಝಾಮನ ಗ್ಯಾರೇಜಿಗೇ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ಪೂರ್ತಿ ಕೇಳಿಸಿಕೊಂಡ.

"ಅಕ್ಕ, ಬೇರಿಂಗ್ ಹೋಗಿದೆ ಅಂತ ಶೋಧನಣ್ಣನಿಗೆ ಅವತ್ತೇ ಹೇಳಿದ್ದೆ. ಬೇರಿಂಗ್ ಆಡಿದ್ರೆ ಸೀಲ್ ನಿಲ್ಲುದಿಲ್ಲ, ಎಣ್ಣೆ ಬ್ರೇಕಿಗೆ ಇಳೀತದೆ. ಹೇಗೂ ಮಾರುದುಂಟು, ಸೀಲ್ ಮಾತ್ರ ಹಾಕು ಅಂದ್ರು."

ಮಾರುವುದು? ಕಕ್ಕಿಂಜೆಯ ಕುಶಾಲಪ್ಪ ಎಂಬವರು ಭಾನುವಾರ ನೋಡಲು ಬರುತ್ತಾರಂತೆ. ನರ್ಸರಿ ಇಬ್ಬರದು, ಗಾಡಿ ಇಬ್ಬರದು, ನನಗೆ ಸುದ್ದಿಯಿಲ್ಲ. ನಿನಗಾದರೂ ನನ್ನ ಹತ್ತಿರ ಹೇಳಲು ಬಾಯಿ ಇರಲಿಲ್ಲವೇ ಎಂದು ಕೇಳಿದೆ. ನಿಝಾಮ್ ಸ್ಪ್ಯಾನರ್ ಒರೆಸತೊಡಗಿದ.

ಊಟಕ್ಕೆ ಕೂತಾಗ ಶೋಧನ್‌ನನ್ನು ಕೇಳಿದೆ. "ವಸಂತಿಗೆ ಏನೂ ಆಗ್ಲಿಲ್ಲವಲ್ಲ" ಎಂದ. ಅನ್ನ ಬಿಟ್ಟು ಎದ್ದೆ.

ನವೆಂಬರ್ 10, ಭಾನುವಾರ

ಶೋಧನ್ ಬೆಳಿಗ್ಗೆಯೇ ಗಾಡಿ ತೊಳೆದ. ಚಕ್ರದ ಎಣ್ಣೆಯನ್ನೆಲ್ಲ ಒರೆಸಿದ. ನೋಡುತ್ತ ನಿಂತಿದ್ದೆ. ಎಷ್ಟು ಶ್ರದ್ಧೆ!

ಕುಶಾಲಪ್ಪ ಬಂದರು, ಜೊತೆಗೆ ಹೆಂಡತಿ. ಮನೆ ಗುಡ್ಡದ ಮೇಲಂತೆ. ಹುಲ್ಲು ತರುವುದು, ಗಾಡಿ ಬಿಡುವುದು ಎಲ್ಲ ಆ ಹೆಂಗಸೇ. ಶೋಧನ್ ನಗುತ್ತ, ಗಾಡಿಯಲ್ಲಿ ಒಂದು ದೋಷವೂ ಇಲ್ಲ ಎಂದ.

ತಡೆಯಲಾಗಲಿಲ್ಲ. "ಎಡಗಡೆ ಬ್ರೇಕ್ ಇಲ್ಲ ಇದಕ್ಕೆ. ಮೊನ್ನೆ ಒಬ್ಬಳ ಜೀವ ತೆಗೀತಿದ್ದೆ ನಾನು. ಇವನಿಗೆ ಗೊತ್ತುಂಟು."

ಚಹಾ ಮುಟ್ಟದೆ ಹೋದರು. ಶೋಧನ್ ಬೈಕ್ ಹತ್ತಿ ಎತ್ತಲೋ ಹೋದ. ಮರ್ಯಾದೆ ಹೋಯಿತಂತೆ ಅವನದು.

ನವೆಂಬರ್ 17

ಒಂದು ವಾರದಿಂದ ಶೋಧನ್‌ನ ಊಟ ಬೇರೆ, ನನ್ನದು ಬೇರೆ. ಬರೆಯುವ ಮನಸ್ಸೂ ಇರಲಿಲ್ಲ.

ಇವತ್ತು ನಿಝಾಮ್ ತಾನಾಗಿಯೇ ಬಂದ, ಮೂಡುಬಿದಿರೆಯಿಂದ ಬೇರಿಂಗ್, ಸೀಲ್, ಬ್ರೇಕ್ ಶೂ ತಂದಿದ್ದ. ಬ್ರೇಕ್ ಡ್ರಮ್ ತೆಗೆದರೆ ಒಳಗೆಲ್ಲ ಕರಿ ಎಣ್ಣೆ. ಇದನ್ನು ನಂಬಿ ಇಳಿಜಾರು ಇಳಿಯುತ್ತಿದ್ದೆನಲ್ಲ! ಆಕ್ಸಲ್ ಅವನು ಎಳೆದ, ಸೀಲ್ ನಾನೇ ಕೂರಿಸಿದೆ. ಸುತ್ತ ಸಮವಾಗಿ, ಮೆಲ್ಲಗೆ ತಟ್ಟಿ. ಅಷ್ಟು ಸಿಟ್ಟಿನಲ್ಲಿ ಮೆಲ್ಲಗೆ ತಟ್ಟುವುದು ಸುಲಭವಲ್ಲ.

ಪರೀಕ್ಷೆಗೆ ಗಾಡಿ ಮೇಲೆ ಒಯ್ದೆ. ಶೋಧನ್ ಬಂದು ಇಳಿಜಾರಿನ ಬುಡದಲ್ಲಿ ನಿಂತ, ಸರೀ ವಸಂತಿ ಅವತ್ತು ಕೂತಿದ್ದ ಜಾಗದಲ್ಲಿ.

"ಗಾಡಿ ಬಿಡಕ್ಕ. ನಾನು ಇಲ್ಲೇ ನಿಲ್ತೇನೆ."

"ನಾಟಕ ಬೇಡ. ಬದಿಗೆ ಹೋಗು."

ಹೋಗಲಿಲ್ಲ. ಎಂಜಿನ್ ಆಫ್ ಮಾಡಿ ಕೂತೆ. ಕಡೆಗೆ ಅವನೇ ಸರಿದು ವಸಂತಿಯ ಹತ್ತಿರ ಹೋದ. ತಲೆ ತಗ್ಗಿಸಿ ಏನೋ ಹೇಳಿದ. ಅವಳು ಮೊಣಕೈ ತೋರಿಸಿದಳು.

ಆಮೇಲೆ ಗಾಡಿ ಬಿಟ್ಟೆ. ನಡು ಇಳಿಜಾರಿನಲ್ಲಿ ತುಳಿದೆ. ಎರಡು ಚಕ್ರವೂ ಒಟ್ಟಿಗೆ ಹಿಡಿದವು. ಟ್ರ್ಯಾಕ್ಟರ್ ಅಲ್ಲೇ ನಿಂತಿತು.

ಸಿಟ್ಟು ಮಾತ್ರ ನಿಂತಿಲ್ಲ. ಈಗ ಊಟಕ್ಕೆ ಕರೆಯುತ್ತಿದ್ದಾನೆ. ವಸಂತಿಯ ಹತ್ತಿರ ಆಡಿದ್ದನ್ನು ನನ್ನ ಹತ್ತಿರವೂ ಆಡಲಿ, ಆಮೇಲೆ ನಾನು ಊಟಕ್ಕೆ ಏಳುತ್ತೇನೆ.