ಕೈ ಇದೆಯಲ್ಲ ಎಂದವರಿಗೆ

ಮಾನ್ಯರೇ,

ಅಂಗವಿಕಲರಿಗೆ ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಅಧ್ಯಕ್ಷರಾದ ತಾವು ನನಗೊಂದು ವಿಷಯ ಸ್ಪಷ್ಟಪಡಿಸಬೇಕು. ನನ್ನ ಗಂಡನ ಬಲಗೈಯನ್ನು ಭುಜದ ಹತ್ತಿರ ತೆಗೆಸಿಕೊಂಡು ಬಂದರೆ ಪ್ರಮಾಣಪತ್ರ ಸಿಗುತ್ತದೆಯೇ? ಸಿಗುತ್ತದೆ ಎಂದು ನಿಮ್ಮ ಕಚೇರಿಯ ಗುಮಾಸ್ತರು ಹೇಳಿದ್ದಾರೆ. ಅವರು ತಮಾಷೆಗೆ ಹೇಳಿರಬಹುದು. ನನ್ನ ಗಂಡ ಅದನ್ನು ತಮಾಷೆ ಎಂದುಕೊಂಡಿಲ್ಲ, ನಮ್ಮ ಮನೆಯಲ್ಲಿ ಈಗ ಅದೊಂದೇ ಮಾತು. ಬಾಯಲ್ಲಿ ಕೇಳಿದ್ದಕ್ಕೂ, ಅರ್ಜಿಯಲ್ಲಿ ಕೇಳಿದ್ದಕ್ಕೂ ನಿಮ್ಮಿಂದ ಉತ್ತರ ಬರಲಿಲ್ಲವಾದ್ದರಿಂದ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ. ನನ್ನ ಬಾಯಿ ಜೋರು ಎಂದು ನಮ್ಮತ್ತೆ ಅಂಬುಜಮ್ಮನವರು ಮದುವೆಯಾದ ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ. ಹೌದು ಸ್ವಾಮಿ, ಜೋರೇ. ಮನೆಯಲ್ಲಿ ಒಬ್ಬರದಾದರೂ ಜೋರಿರಬೇಕಲ್ಲ.

ನನ್ನ ಗಂಡನ ಹೆಸರು ನಾಗರಾಜು. ತಾವು ಅವರನ್ನು ನೋಡಿದ್ದೀರಿ, ನೆನಪಿರಲಿಕ್ಕಿಲ್ಲ. ಮುಖ ಎತ್ತಿ ನೋಡಿದ್ದರೆ ತಾನೇ ನೆನಪಿರುವುದು? ನಮ್ಮದು ಸಾತನೂರಿನ ಮಗ್ಗುಲ ಹಳ್ಳಿ. ಮಳೆ ನಂಬಿಕೊಂಡ ರಾಗಿ ಹೊಲ, ಪಕ್ಕದವರ ಬೋರ್‌ವೆಲ್ಲಿನಿಂದ ಒಸಿ ನೀರು ಬಿಡಿಸಿಕೊಂಡು ರೇಷ್ಮೆಹುಳಕ್ಕೆಂದು ಬೆಳೆಯುವ ಹಿಪ್ಪುನೇರಳೆ, ಒಂದು ಸೀಮೆಹಸು, ಅಷ್ಟೇ. ಬಿಡದಿ ಕಡೆ ಕಾರ್ಖಾನೆಗಳು ಸಾಲಾಗಿ ಎದ್ದಾಗ ನಮ್ಮೂರ ಅರ್ಧ ಗಂಡಸರು ಕಂಟ್ರಾಕ್ಟರನ ವ್ಯಾನು ಹತ್ತಿದರು. "ಬೆಳಿಗ್ಗೆ ಸೊಪ್ಪು ಕುಯ್ದು ಹುಳಕ್ಕಾಕ್ಬುಟ್ಟು, ಆಮ್ಯಾಕೆ ಶಿಫ್ಟಿಗೋದ್ರಾಯ್ತು ಕಣೆ, ಎರಡೂ ನಡೀತದೆ" ಎಂದು ಇವರೂ ಹತ್ತಿದರು. ನಡೆಯಿತು ಕೂಡ. ನಮ್ಮ ಮಗಳು ಭಾನುಪ್ರಿಯಳನ್ನು ಸಾತನೂರಿನ ಒಳ್ಳೆಯ ಶಾಲೆಗೆ ಸೇರಿಸಿದ್ದು ಆಗಲೇ. ಒಂದು ಸಂಜೆ ವ್ಯಾನು ಬರಲಿಲ್ಲ. ಜೊತೆಯವನ ಬೈಕಿನ ಹಿಂದೆ ಕೂತು ಬರುವಾಗ ಲಾರಿಯೊಂದು ಸವರಿಕೊಂಡು ಹೋಯಿತು. ಇವರು ಬಲಭುಜದ ಮೇಲೆ ಬಿದ್ದರು, ಲಾರಿ ನಿಲ್ಲಲಿಲ್ಲ. ಅಪಘಾತ ಆದದ್ದು ಕಾರ್ಖಾನೆಯ ಗೇಟಿನ ಆಚೆ, ಅದಕ್ಕೂ ನನಗೂ ಸಂಬಂಧವಿಲ್ಲ ಎಂದು ಕಂಟ್ರಾಕ್ಟರು ಆಸ್ಪತ್ರೆಗೆ ಬಂದು, ಎರಡು ಎಳನೀರು ಇಟ್ಟು, ಹೇಳಿ ಹೋದರು.

ಬೆಂಗಳೂರಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಕತ್ತಿನಿಂದ ಕೈಗೆ ಹೋಗುವ ನರಗಳು ಬೇರುಸಮೇತ ಕಿತ್ತುಬಂದಿವೆಯಂತೆ. ಮೂಳೆ ಮುರಿದಿದ್ದರೆ ಕೂಡಿಸಬಹುದಿತ್ತು, ಚರ್ಮ ಹರಿದಿದ್ದರೆ ಹೊಲಿಯಬಹುದಿತ್ತು, ಇದಕ್ಕೆ ಈಗ ಏನೂ ಮಾಡುವ ಹಾಗಿಲ್ಲ ಎಂದರು. ಆದ್ದರಿಂದ ನನ್ನ ಗಂಡನಿಗೆ ಕೈ ಇದೆ. ಬೆರಳು ಐದೂ ಇವೆ, ಉಗುರು ಬೆಳೆಯುತ್ತವೆ, ನಾನು ಕತ್ತರಿಸುತ್ತೇನೆ. ಅದು ಏಳುವುದಿಲ್ಲ, ಹಿಡಿಯುವುದಿಲ್ಲ, ಮುಟ್ಟಿದ್ದು ಅದಕ್ಕೆ ತಿಳಿಯುವುದಿಲ್ಲ. ಒಂದು ದಿನ ಒಲೆ ಪಕ್ಕ ಕೂತು ಮುದ್ದೆ ಆಗುವುದನ್ನು ಕಾಯುತ್ತಿದ್ದರು. ಕೈ ಜಾರಿ ಕೆಂಡದ ಮಗ್ಗುಲಿಗೆ ಬಿದ್ದಿದೆ, ಅವರು ಮಾತಾಡುತ್ತಲೇ ಇದ್ದಾರೆ. ಹಜಾರದಿಂದ ಅತ್ತೆ, "ಏನೋ ಸೀಯ್ತಾ ಐತಲ್ಲೋ ಮಗ, ಮುದ್ದೆ ತಳ ಹತ್ತಿತೇನೋ ನೋಡು" ಎಂದು ಕೂಗಿದರು. ಸೀಯುತ್ತಿದ್ದದ್ದು ಮುದ್ದೆಯಲ್ಲ ಸ್ವಾಮಿ. ಆ ದಿನ ನಾನು ಅತ್ತ ಅಳು ಯಾರ ಶತ್ರುವಿಗೂ ಬೇಡ.

ಇನ್ನೊಂದು ವಿಚಿತ್ರ ಕೇಳಿ. ಕೆಂಡ ತಿಳಿಯದ ಅದೇ ಕೈ ಒಳಗಿನಿಂದ ಉರಿಯುತ್ತದೆ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ, ಬೆರಳುಗಳನ್ನು ಯಾರೋ ತಿರುಚಿದ ಹಾಗೆ ಎನ್ನುತ್ತಾರೆ. ಉರಿ ಎದ್ದಾಗ ಮಾತು ನಿಲ್ಲಿಸಿ ಗೋಡೆ ಕಡೆ ತಿರುಗುತ್ತಾರೆ, ಮಗಳಿಗೆ ಮುಖ ಕಾಣಬಾರದೆಂದು. ಕಿತ್ತುಬಂದ ನರದ ಗುಣವೇ ಹಾಗೆ ಎಂದು ಬೆಂಗಳೂರಿನ ಡಾಕ್ಟರು ಬರೆದೇ ಕೊಟ್ಟಿದ್ದಾರೆ. ನಿಮ್ಮ ಗುಮಾಸ್ತರಿಗೆ ಅದು ಒಪ್ಪಿಗೆಯಾಗಲಿಲ್ಲ. "ಏನಮ್ಮಾ, ಒಂದ್ಸಲ ಸ್ಪರ್ಶ ಇಲ್ಲ ಅಂತೀರಿ, ಇನ್ನೊಂದ್ಸಲ ಉರಿ ಅಂತೀರಿ. ಯಾವುದಾದ್ರೂ ಒಂದು ಹೇಳಿ" ಎಂದರು. ಎರಡೂ ನಿಜವಾಗಿದ್ದರೆ ಯಾವುದನ್ನು ಬಿಡಲಿ? ನಿಮ್ಮ ಕಚೇರಿಗೆ ಅನುಕೂಲವಾಗುವ ನೋವನ್ನು ಆರಿಸಿಕೊಳ್ಳುವ ಸೌಲಭ್ಯ ದೇವರು ನಮಗೆ ಕೊಟ್ಟಿಲ್ಲ.

ಮೊದಲು ಅರ್ಜಿ ಬೆಂಗಳೂರಿಗೆ ಹೋಯಿತು. ಅಷ್ಟರಲ್ಲಿ ನಮಗೆ ಹೊಸ ಜಿಲ್ಲೆಯಾಯಿತು. ಊರೂರಲ್ಲಿ ಪಟಾಕಿ ಹೊಡೆದರು, ನಾನೂ ಸಿಹಿ ತಿಂದೆ. ಇನ್ನು ಮೇಲೆ ಕೆಲಸಗಳೆಲ್ಲ ಮನೆ ಬಾಗಿಲಲ್ಲೇ ಎಂದು ಭಾಷಣ ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಆಮೇಲೆ ಬೆಂಗಳೂರಿನವರು ನೀವೀಗ ಬೇರೆ ಜಿಲ್ಲೆ ಎಂದರು, ರಾಮನಗರಕ್ಕೆ ಬಂದರೆ ನಿಮ್ಮ ಕಾಗದ ಇನ್ನೂ ಬೆಂಗಳೂರಲ್ಲೇ ಇದೆ ಎಂದರು. ಕನಕಪುರಕ್ಕೊಂದು ಬಸ್ಸು, ಅಲ್ಲಿಂದ ರಾಮನಗರಕ್ಕೊಂದು ಬಸ್ಸು. ಜನ ನುಗ್ಗುವ ಬಸ್ಸಿನಲ್ಲಿ ಆ ಕೈ ಯಾರ ಮೈಗೆ ತಾಗುತ್ತದೋ, ಯಾವ ಬಾಗಿಲಿಗೆ ಸಿಕ್ಕುತ್ತದೋ ಎಂದು ನನ್ನ ಸೆರಗಿನ ತುದಿಯಲ್ಲಿ ಅದನ್ನು ಅವರ ಸೊಂಟಕ್ಕೆ ಕಟ್ಟಿ ನಿಲ್ಲಿಸಿಕೊಂಡು ಬಂದಿದ್ದೇನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಪಾಲಿಗೆ ಪೂಜಾರಿ ಯಾವ ಜಿಲ್ಲೆಯವರು ಎಂಬುದೇ ತೀರ್ಮಾನವಾಗಿರಲಿಲ್ಲ.

ಕೊನೆಗೂ ತಮ್ಮ ಮಂಡಳಿಯ ಮುಂದೆ ಬರುವ ದಿನ ಬಂತು. ಆ ದಿನ ನಡೆದದ್ದನ್ನೇ ನಾನು ಊರಿಗೆಲ್ಲ ಹೇಳಬೇಕಾಗಿರುವುದು.

ಹೊರಡುವ ಮುಂಚೆ ಅತ್ತೆ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿದರು. ಮದುವೆಗೆ ಹೊಲಿಸಿದ್ದ ಬಿಳಿ ಅಂಗಿಗೆ ನಾನು ಇಸ್ತ್ರಿ ಮಾಡಿದೆ. "ದೊಡ್ಡ ಡಾಕ್ಟ್ರು ಕಣಪ್ಪ, ಬೊ ಓದ್ಕೊಂಡೋರು. ಎರಡೂ ಕೈ ಎತ್ತಿ ಮುಗಿ. ಕಾಗ್ದ ಎಡಗೈಲಿ ಮಾತ್ರ ನೀಡ್‌ಬ್ಯಾಡ, ಅಗೌರವ ಆಯ್ತದೆ" ಎಂದು ಬಾಗಿಲ ತನಕ ಬಂದು ಹೇಳಿದರು. ಹೇಳಬೇಕಾಗಿಯೇ ಇರಲಿಲ್ಲ. ನನ್ನ ಗಂಡ ಕೈ ಹೋದ ಮೇಲೂ ಯಾರಿಗೂ ಎಡಗೈಯಲ್ಲಿ ಏನನ್ನೂ ಕೊಟ್ಟವರಲ್ಲ. ಬಸ್ಸಿನಲ್ಲಿ ಕಂಡಕ್ಟರನಿಗೆ ಚಿಲ್ಲರೆ ಕೊಡುವಾಗಲೂ ಆ ಸತ್ತ ಬೆರಳುಗಳ ನಡುವೆ ಸಿಕ್ಕಿಸಿ, ಎಡಗೈಯಿಂದ ಮುಂಗೈ ಎತ್ತಿ ನೀಡುತ್ತಾರೆ. ಕಂಡಕ್ಟರುಗಳು ಗೊಣಗುತ್ತಾರೆ, ಇವರು ಬಿಡುವುದಿಲ್ಲ.

ನನ್ನನ್ನು ಒಳಗೆ ಬಿಡಲಿಲ್ಲ. "ಪೇಶೆಂಟ್ ಒಬ್ರೇ ಹೋಗ್ಲಿ" ಎಂದು ಜವಾನರು ಅಡ್ಡ ನಿಂತರು. ಬಾಗಿಲು ಅರ್ಧ ತೆರೆದಿತ್ತು, ನಾನು ಅವರ ತೋಳಿನ ಸಂದಿಯಿಂದ ನೋಡುತ್ತಿದ್ದೆ. ನನ್ನ ಗಂಡ ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು ಎದೆಗೆ ಆನಿಸಿ, ಎರಡನ್ನೂ ಸೇರಿಸಿ ತಮಗೆ ನಮಸ್ಕಾರ ಮಾಡಿದರು. ತಾವು ಅರ್ಧ ಕಣ್ಣೆತ್ತಿದಿರಿ. ಆಮೇಲೆ ಕಾಗದವನ್ನು ಬಲಗೈ ಬೆರಳಿಗೆ ಸಿಕ್ಕಿಸಿ, ಎಡಗೈ ಆಸರೆ ಕೊಟ್ಟು, ಬಗ್ಗಿ, ದೇವರ ಮುಂದೆ ಹಣ್ಣುಕಾಯಿ ಇಡುವವರ ಹಾಗೆ ನೀಡಿದರು. ತಾವು ತೆಗೆದುಕೊಂಡಿರಿ.

"ಹೇಗಿದ್ದೀರಿ ಈಗ?" ಎಂದು ಕೇಳಿದಿರಿ.

"ಚೆಂದಾಗಿವ್ನಿ ಸಾ, ತಮ್ಮ ದಯೆ" ಎಂದರು ನನ್ನ ಗಂಡ.

ಅಯ್ಯೋ ದೇವರೇ! ದೊಡ್ಡವರು ಹೇಗಿದ್ದೀಯ ಎಂದರೆ ನಮ್ಮ ಸೀಮೆಯಲ್ಲಿ ಸಾಯುತ್ತಿರುವವನೂ ಅದನ್ನೇ ಹೇಳುತ್ತಾನೆ. ತಾವು ಪಕ್ಕದವರಿಗೆ, "ಕೈ ಇದೆಯಲ್ಲ. ಎತ್ತುತ್ತಾರೆ, ಹಿಡೀತಾರೆ. ಸ್ವಲ್ಪ ಬಲ ಕಡಿಮೆ ಅಷ್ಟೆ" ಎಂದಿರಿ. ಬೆಂಗಳೂರಿನ ನರದ ಪರೀಕ್ಷೆಯ ವರದಿ ಮೇಜಿನ ಮೇಲೇ ಇತ್ತು. ಖಾಸಗಿಯವರದು ನಡೆಯುವುದಿಲ್ಲ ಎಂದು ಪಕ್ಕಕ್ಕೆ ಸರಿಸಿದಿರಿ. ಸರ್ಕಾರಿ ವರದಿ ತರೋಣವೆಂದರೆ ಆ ಯಂತ್ರ ಇಲ್ಲಿಲ್ಲ ಎಂದೂ ತಾವೇ ಹೇಳಿದಿರಿ. ನಾನು ಬಾಗಿಲಿನಿಂದ, "ಸಾರ್, ಒಂದ್ಸಲ ಆ ಎಡಗೈ ಬುಡಿಸಿ ನೋಡಿ ಸಾರ್!" ಎಂದು ಕೂಗಿದೆ. "ಹೊರಗೆ ಗಲಾಟೆ ಮಾಡಬೇಡಿ" ಎಂದಿರಿ. ಅಂಗಿಯ ತೋಳನ್ನು ಮಡಿಸಲೂ ಇಲ್ಲ, ಕೈಯನ್ನು ಮುಟ್ಟಲೂ ಇಲ್ಲ. ಹೊರಗೆ ಬಂದಾಗ ನಮಗೆ ಸಿಕ್ಕಿದ್ದು ಅಂಗವಿಕಲತೆ ಶೇಕಡಾ ಮೂವತ್ತು ಎಂಬ ಕಾಗದ.

ತಾವೂ ಇದೇ ನೆಲದವರು ಎಂದು ಕೇಳಿದ್ದೇನೆ. ಹಾಗಾದರೆ ತಮ್ಮ ಮನೆಯಲ್ಲಿ ಅರಿಶಿನ ಕುಂಕುಮವನ್ನು ಎಡಗೈಯಲ್ಲಿ ಕೊಡುತ್ತಾರೆಯೇ? ತಮ್ಮ ತಾಯಿ ತಮಗೆ ಎಡಗೈಯಲ್ಲಿ ಅನ್ನ ಇಕ್ಕಿದ್ದರೇ? ಒಬ್ಬ ಮನುಷ್ಯ ತನ್ನ ಸತ್ತ ಕೈಯನ್ನು ಹೊತ್ತುಕೊಂಡು ಬಂದು ತಮಗೆ ಮರ್ಯಾದೆ ಕೊಟ್ಟ. ಆ ಮರ್ಯಾದೆಯನ್ನೇ ತಾವು ಅವನ ವಿರುದ್ಧ ಸಾಕ್ಷಿ ಮಾಡಿಕೊಂಡಿರಿ. ಕಾಗದವನ್ನು ಎಡಗೈಯಲ್ಲಿ ಎಸೆದು, ಕಾಲಮೇಲೆ ಕಾಲು ಹಾಕಿ ಕೂತಿದ್ದರೆ ಎಷ್ಟು ಬರೆಯುತ್ತಿದ್ದಿರಿ? ನಲವತ್ತು? ಎಂಬತ್ತು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆ. ಹುಣ್ಣಾದರೂ ಆಗಿದ್ದರೆ ಕಾಣುತ್ತಿತ್ತು. ನರ ಕಿತ್ತದ್ದು ಕಾಣುವುದಿಲ್ಲ ಎಂದೇ ತಾನೇ ಸರ್ಕಾರ ಅಲ್ಲಿ ಓದಿದವರನ್ನು ಕೂರಿಸಿರುವುದು? ಕಂಡದ್ದನ್ನಷ್ಟೇ ಬರೆಯುವುದಕ್ಕೆ ನಮ್ಮೂರ ದನ ಕಾಯುವವರು ಸಾಕಾಗಿತ್ತು.

ನಲವತ್ತು ಇಲ್ಲದಿದ್ದರೆ ಮಾಸಾಶನವಿಲ್ಲ, ಬಸ್ ಪಾಸಿಲ್ಲ, ಗೂಡಂಗಡಿ ಹಾಕಿಕೊಳ್ಳಲು ಸಾಲವಿಲ್ಲ. ನನಗೆ ಶೇಕಡಾ ಮೂವತ್ತರ ಲೆಕ್ಕವೇ ತಿಳಿಯುತ್ತಿಲ್ಲ. ಆ ಕೈ ಹಸುವಿನ ಹಗ್ಗ ಹಿಡಿಯುವುದಿಲ್ಲ, ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದಿಲ್ಲ, ಚಡ್ಡಿಯ ಲಾಡಿ ಕಟ್ಟುವುದಿಲ್ಲ. ಇನ್ನುಳಿದ ಎಪ್ಪತ್ತು ಪಾಲು ಅದು ಏನು ಕೆಲಸ ಮಾಡುತ್ತದೆ ಎಂದು ತಾವೇ ಬಂದು ತೋರಿಸಿಕೊಟ್ಟರೆ ನಾಳೆಯಿಂದ ಮಾಡಿಸುತ್ತೇನೆ.

ಮರುಪರಿಶೀಲನೆಗೆ ಅರ್ಜಿ ಹಿಡಿದು ಮತ್ತೆ ಬಂದೆವು. ಆಗಲೇ ಗುಮಾಸ್ತರು ಕಾಗದದಿಂದ ತಲೆ ಎತ್ತದೆ ಆ ಮಾತು ಹೇಳಿದ್ದು. "ಇದೆಲ್ಲ ತಲೆನೋವು ಕಣಮ್ಮ. ಕೈ ಹೋಗಿದ್ರೆ ಅವತ್ತೇ ಬರೆದುಕೊಡ್ತಿದ್ರು." ನಾನು ಜಗಳಕ್ಕೆ ನಿಂತೆ. ನನ್ನ ಗಂಡ ನನ್ನ ಸೆರಗು ಹಿಡಿದು ಬಸ್ಸಿಗೆ ಕರೆತಂದರು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಬಂದವರು, ಸಾತನೂರಿನಲ್ಲಿ ಇಳಿದಾಗ, "ಅವ್ರು ದಾರಿ ತೋರ್ಸವ್ರೆ ಕಣೆ ಪ್ರತಿಮಾ" ಎಂದರು. ನನಗೆ ಮೊದಲು ಅರ್ಥವೇ ಆಗಲಿಲ್ಲ.

ನನಗೆ ಹೇಳದೆ ಬೆಂಗಳೂರಿನ ಡಾಕ್ಟರ ಹತ್ತಿರ ಹೋಗಿ, ಕೈ ತೆಗೆದುಬಿಡಿ ಎಂದು ಕೇಳಿದ್ದಾರೆ. ಅವರು ಬೈದು ಕಳಿಸಿದ್ದಾರೆ. "ಇರೋ ಕೈಯನ್ನ ಯಾಕಪ್ಪ ಕತ್ತರಿಸಲಿ?" ಎಂದರಂತೆ. ನೋಡಿ ನಮ್ಮ ಭಾಗ್ಯ! ಕೈ ಇದೆಯಲ್ಲ ಎಂದು ಅವರು ತೆಗೆಯುವುದಿಲ್ಲ, ಕೈ ಇದೆಯಲ್ಲ ಎಂದು ತಾವು ಬರೆಯುವುದಿಲ್ಲ.

ಈ ಜೂನಿನಲ್ಲಿ ಮಗಳ ಶಾಲೆ ಬಿಡಿಸಿದೆವು. ಅದಾದ ಮೇಲೆ ಇವರು ಬೇರೆಯೇ ಮನುಷ್ಯರಾಗಿದ್ದಾರೆ. ಮೊನ್ನೆ ನಾನು ಮಚ್ಚು ಹಿಡಿದು ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದೆ. ಎದುರಿಗೆ ಬಂದು ಕೂತರು. ಬಲಗೈಯನ್ನು ಎತ್ತಿ ಸೊಪ್ಪು ಹೆಚ್ಚುವ ಮಣೆಯ ಮೇಲೆ ಇಟ್ಟರು.

"ಒಂದೇ ಏಟು ಕಣೆ. ನೋವೂ ಆಗಕಿಲ್ಲ, ಅದಕ್ಕೆ ಗೊತ್ತೇ ಆಗಕಿಲ್ಲ" ಎಂದರು. "ನಿನ್ ಕೈಲಾಗಲ್ಲ ಅಂದ್ರೆ ನಾನೇ ಹೊಡ್ಕತೀನಿ. ಎಡಗೈ ಚೆನ್ನಾಗೈತಲ್ಲ."

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಬೈದು ಸುಮ್ಮನಾಗುತ್ತಿದ್ದೆ. ನಾಳೆ ಸಂತೆಗೆ ಹೋಗೋಣವೇ ಎಂದು ಕೇಳುವವರ ಧ್ವನಿಯಲ್ಲಿ ಹೇಳಿದರು. ನನಗೆ ಭಯವಾಯಿತು. ಈಗಲೂ ಭಯವಾಗುತ್ತಿದೆ. ನನ್ನ ಜೋರು ಬಾಯಿ, ವ್ಯಂಗ್ಯ, ಎಲ್ಲವನ್ನೂ ಇಲ್ಲಿಗೆ ಬಿಡುತ್ತೇನೆ. ತಮ್ಮ ಕಾಲಿಗೆ ಬೀಳು ಎಂದರೆ ರಾಮನಗರದ ಬಸ್ ಸ್ಟ್ಯಾಂಡಿನಲ್ಲೇ ಬೀಳುತ್ತೇನೆ.

ನಾನು ಕೇಳುವುದು ಇಷ್ಟೇ. ಅವರನ್ನು ಇನ್ನೊಂದು ಸಲ ಕರೆಸಿ, ಈ ವಾರವೇ ಕರೆಸಿ. ಎಲ್ಲಿಂದಾದರೂ ಒಬ್ಬ ನರದ ಡಾಕ್ಟರನ್ನು ತಂದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಗಿ ಬಿಚ್ಚಿಸಿ, ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿ, ಬಿಟ್ಟು ನೋಡಿ. ನನ್ನನ್ನೂ ಒಳಗೆ ಬಿಡಿ, ಅವರು ಹೇಳಲಾರದ್ದನ್ನು ನಾನು ಹೇಳುತ್ತೇನೆ. ಹೇಗಿದ್ದೀಯ ಎಂದು ಮಾತ್ರ ಅವರನ್ನು ಕೇಳಬೇಡಿ. ಹಾಗೆ ನೋಡಿದ ಮೇಲೂ ಮೂವತ್ತೇ ಎಂದರೆ, ಕೈ ತೆಗೆಸಿಕೊಂಡು ಬನ್ನಿ ಎಂದು ತಾವೇ ಬರೆದು ಸಹಿ ಹಾಕಿಕೊಡಿ. ಆ ಪಾಪ ನಮ್ಮಿಬ್ಬರ ತಲೆಗೇ ಏಕೆ ಬರಬೇಕು?

ಮಚ್ಚನ್ನು ಪಕ್ಕದ ಮನೆಯ ಖತೀಜಕ್ಕನ ಕೈಗೆ ಕೊಟ್ಟಿದ್ದೇನೆ. ಅವರು ಅಕ್ಕಿ ಡಬ್ಬದೊಳಗೆ ಹೂತು ಇಟ್ಟಿದ್ದಾರೆ. ಆದರೆ ಹುಳ ಈಗ ಎರಡನೇ ಜ್ವರ ಎದ್ದಿವೆ, ಅಂದರೆ ಎರಡನೇ ಸಲ ಪೊರೆ ಕಳಚಿವೆ, ಇನ್ನೂ ಎಳೆಯವು, ಸೊಪ್ಪು ಹೆಚ್ಚಿಯೇ ಹಾಕಬೇಕು, ಇಲ್ಲದಿದ್ದರೆ ಈ ಬೆಳೆಯೂ ಹೋಗುತ್ತದೆ. ಆದ್ದರಿಂದ ದಿನಾ ಹೊತ್ತಾರೆ ನಾನೇ ಹೋಗಿ ಅದನ್ನು ಇಸಿದುಕೊಂಡು ಬರುತ್ತೇನೆ. ನಾನು ಹೆಚ್ಚುವಷ್ಟು ಹೊತ್ತೂ ಅವರು ಎದುರಿಗೆ ಕೂತು ನೋಡುತ್ತಿರುತ್ತಾರೆ.

ಇಂತಿ,
ತಮ್ಮ ಲೆಕ್ಕದಲ್ಲಿ ಚೆನ್ನಾಗಿರುವವರ ಹೆಂಡತಿ,
ಪ್ರತಿಮಾ ನಾಗರಾಜು
ಸಾತನೂರು ಹೋಬಳಿ, ಕನಕಪುರ ತಾಲ್ಲೂಕು