ಅಕ್ಕ ರೇಡಿಯೊದಲ್ಲಿ ಬಂದದ್ದು

ಸ್ಯಾನ್ ರಮೋನ್, ಭಾನುವಾರ

ಭಾವನವರಿಗೆ ನಮಸ್ಕಾರ.

ಶುಕ್ರವಾರ ಅಡುಗೆಮನೆಯಲ್ಲಿ ಕೂತು ನಿಮ್ಮ ಸಾಗರನ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿದ್ದೆವು. ಚಿಕ್ಕ ಲೀಗು, ಚಿಕ್ಕ ರೇಡಿಯೊ. ಕೇಳುಗರು ನಾನು, ಅಕ್ಕ ಮತ್ತು ಕುಕ್ಕರ್. ಸಾಗರನ ತಂಡದ ಪಿಚರ್, ಅಂದರೆ ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದಂತೆ, ಎದುರಾಳಿಗಳಿಗೆ ಒಂದು ಹಿಟ್ಟೂ ಕೊಟ್ಟಿರಲಿಲ್ಲ (ರಾಗಿಯದ್ದಲ್ಲ, ಬ್ಯಾಟಿನದು). ಅದನ್ನು ಬಾಯಿಬಿಟ್ಟು ಹೇಳಿದರೆ ಕೆಡುತ್ತದೆಂದು ಇಲ್ಲಿನವರ ನಂಬಿಕೆ ಎಂದೆ. ಅಕ್ಕ ತಕ್ಷಣ ಮಗನಿಗೆ ಫೋನ್ ಮಾಡಿದಳು. ಅಮ್ಮನಿಗೇನಾಯಿತೋ ಎಂದು ಅವನು ಮೈಕಿನ ಮುಂದೆಯೇ ಎತ್ತಿದ.

"ಯೋಳ್ಬ್ಯಾಡ ಕಣ್ಲಾ ಮಗ, ದೃಷ್ಟಿ ಆಯ್ತದೆ!"

ಇಡೀ ಲೀಗಿಗೆ ಕೇಳಿಸಿತು. ಹಿಂದೆಯೇ ಕುಕ್ಕರೂ ಕೂಗಿತು. ಕೆಲಸ ಹೋಯಿತೆಂದೇ ಸಾಗರ ತಿಳಿದ. ಆದರೆ ಕೊನೆಯವರೆಗೂ ಎದುರಾಳಿಗಳಿಗೆ ಹಿಟ್ ಸಿಗಲಿಲ್ಲ. ಈಗ ಪಿಚರ್ ಹಠ ಹಿಡಿದಿದ್ದಾನೆ: ತಾನು ಆಡುವ ದಿನಗಳಲ್ಲೆಲ್ಲ ಆ ಅಮ್ಮನ ಫೋನ್ ಅದೇ ಅಡುಗೆಮನೆಯಿಂದ, ಅದೇ ಕುಕ್ಕರಿನೊಂದಿಗೆ ಬರಬೇಕಂತೆ. ಮ್ಯಾನೇಜರೂ ಒಪ್ಪಿದ್ದಾರೆ. ಸಾಗರನ ಕೆಲಸ ಗಟ್ಟಿಯಾಯಿತು.

ಅಕ್ಕ ನೋಡಿಕೊಳ್ಳಲು ಬಂದಿದ್ದ ನನ್ನ ಮಂಡಿನೋವು ವಾಸಿ. ಸೀಸನ್ ಮುಗಿಯುವವರೆಗೆ ಅಕ್ಕನ ಟಿಕೆಟ್ ಮುಂದೂಡಿದ್ದೇವೆ. ಅಲ್ಲಿಯವರೆಗೆ ಮುದ್ದೆ ನೀವೇ ತಿರುವಿಕೊಳ್ಳಬೇಕು. ಕೋಲು ಬಾಗಿಲ ಹಿಂದಿದೆಯಂತೆ.

ಕಾರ್ಡಿನಲ್ಲಿ ಜಾಗವಿಲ್ಲ, ಕುಕ್ಕರ್ ಕೂಗುತ್ತಿದೆ.

ನಿಮ್ಮ ಭಾಮೈದ